ಬೆರಳ ರಕ್ತ ಕೇಳಲು ಬಂದವನು

ಎಪ್ಪತ್ತರ ದಶಕದ ಮಾತು. ಗಂಡಸರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸುವ ಗದ್ದಲ ಜೋರಾಗಿದ್ದ ಕಾಲ. ಧರ್ಮಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಶೇಂಗಾ ಹೊಲದ ಕಡೆ ಓಡುತ್ತಿದ್ದರು. ಸೈಕಲ್ಲಿನಲ್ಲಿ ಬರುತ್ತಿದ್ದವನು, ಜ್ವರದವರ ಬೆರಳ ರಕ್ತ ತೆಗೆದು ಮಾತ್ರೆ ಕೊಡುವ ಸರ್ಕಾರದ ಮಲೇರಿಯಾದವನೊಬ್ಬನೇ. ಚೀಲ ತಗುಲಿಸಿಕೊಂಡು ಮನೆಮನೆಯ ಮುಂದೆ ನಿಂತು ಕೇಳುತ್ತಿದ್ದ: "ಯಾರಿಗಾದ್ರೂ ಜ್ವರ ಐತೇನ್ರಿ? ಹೊರಗಡೆಯಿಂದ ಯಾರಾದ್ರೂ ಬಂದವ್ರೇನ್ರಿ?"

ಜ್ವರ ಕೇಳಲಿ, ಸರಿ. ಊರಿಗೆ ಯಾರು ಬಂದರೆ ಇವನಿಗೇನು? ಗಂಡಸರು ಮರಳಿದ ಸುದ್ದಿಯನ್ನು ಜೀಪಿನವರಿಗೆ ಮುಟ್ಟಿಸುವವನು ಇವನೇ ಎಂದು ನನಗೆ ಗಟ್ಟಿ ಅನುಮಾನ.

ಆ ಬೇಸಿಗೆಯಲ್ಲಿ ನನ್ನ ಯಜಮಾನರು ಭದ್ರಾ ಕಾಲುವೆಯ ಗದ್ದೆಗಳಲ್ಲಿ ಕುರಿ ಮೇಯಿಸಿಕೊಂಡು ಬಂದವರು, ಬರುತ್ತಲೇ ಮಲಗಿಬಿಟ್ಟರು. ದಿನ ಬಿಟ್ಟು ದಿನ ಜ್ವರ, ನಡುಕ. ಬೀರಪ್ಪನಿಗೆ ಹರಕೆ ಕಟ್ಟಿದ್ದಾಯಿತು, ಕಷಾಯ ಕುಡಿಸಿದ್ದಾಯಿತು. ಮದುವೆಯಾಗಿ ವರ್ಷಗಳು ಕಳೆದಿದ್ದರೂ ನನ್ನ ಮಡಿಲು ಇನ್ನೂ ತುಂಬಿರಲಿಲ್ಲ. ಇವರು ಉಳಿಯಬೇಕಿತ್ತು. ಆದರೆ ಮಲೇರಿಯಾದವನ ಸೂಜಿ, ಮಾತ್ರೆ ಇವರ ಗಂಡಸುತನಕ್ಕೇ ಕುತ್ತು ತಂದರೆ? ಅತ್ತೆ ಮಗನನ್ನು ಹಿತ್ತಲ ಕುರಿ ರೊಪ್ಪದಲ್ಲಿ, ಮುಳ್ಳುಬೇಲಿಯ ಮರೆಯಲ್ಲಿ ಮಲಗಿಸಿದರು.

ಮಲೇರಿಯಾದವನು ಬಂದೇ ಬಂದ.

"ಜ್ವರನೂ ಇಲ್ಲ, ಗಿರನೂ ಇಲ್ಲ. ಮುಂದ್ಕೆ ಹೋಗಪ್ಪ," ಎಂದರು ಅತ್ತೆ.

ಅಷ್ಟರಲ್ಲಿ ರೊಪ್ಪದಿಂದ ಕೂಗು: "ಲೇ, ಇನ್ನೊಂದು ಕಂಬಳಿ ತಗಂಬಾರೇ!"

ಅವನು ನೆತ್ತಿಯ ಮೇಲಿನ ಬಿಸಿಲು ನೋಡಿದ. "ಈ ಉರಿಬಿಸಿಲಾಗೆ ಕಂಬಳಿ ಕೇಳೋ ಕುರಿ ಯಾವುದಜ್ಜಿ?"

ಇನ್ನು ಬಚ್ಚಿಟ್ಟು ಫಲವಿರಲಿಲ್ಲ. ರೊಪ್ಪದೊಳಗೆ ಅವನು ಸೂಜಿ, ಗಾಜಿನ ಪಟ್ಟಿ ತೆಗೆದ. ನಾನು ಅಡ್ಡ ನಿಂತೆ. "ಮೊದ್ಲು ನಿಮ್ಮ ಬೆಳ್ಳು ಚುಚ್ಕಳ್ರಿ. ಆಮೇಲೆ ನೋಡಾಣ."

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ತನ್ನ ಬೆರಳು ಚುಚ್ಚಿಕೊಂಡು ರಕ್ತದ ಹನಿ ತೋರಿಸಿದ. ನನ್ನ ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಸಲೀಸಾಗಿ ಒಪ್ಪುವವನು ಏನೋ ಬಚ್ಚಿಟ್ಟಿರಬೇಕು!

ಕಂಬಳಿಯೊಳಗಿಂದ ಇವರು ನಡುಗುತ್ತಲೇ ನಕ್ಕರು. "ಲೇ, ಕುರಿಗೆ ಕಾಯಿಲೆ ಬಂದ್ರೆ ನಾನು ಕಿವಿ ಕೊಯ್ದು ರಕ್ತ ನೋಡಲ್ವೇನೆ? ಕಿವಿ ಕೊಯ್ದಿದ್ಕೆ ಯಾವ ಕುರಿ ಮರಿ ಹಾಕೋದು ಬಿಟ್ಟೈತೆ, ಹೇಳು? ಇವತ್ತು ನಾನೇ ಕುರಿ. ನೋಡ್ಲಿ ಬಿಡು."

ಪಕ್ಕಕ್ಕೆ ಸರಿದೆ. ಅವನು ಬೇರೆ ಸೂಜಿ ತೆಗೆದು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿದ. ನೊಣ ಮುತ್ತಬಾರದೆಂದು ಅದು ಒಣಗುವವರೆಗೆ ನಾನೇ ಸೆರಗಿನಿಂದ ಗಾಳಿ ಹಾಕಿದೆ. ಚುಚ್ಚಿದ್ದು ಇರುವೆ ಕಚ್ಚಿದಷ್ಟೇ ಎಂದರು ಇವರು. ಅದೊಂದು ಪುಣ್ಯ ಎಂದುಕೊಂಡೆ.

ಮಾತ್ರೆ ಕೊಟ್ಟು, "ನನ್ನೆದ್ರಿಗೇ ನುಂಗ್ಸಿ ಅಕ್ಕಾ," ಎಂದ. ನಾನು ಮೊದಲು ಅದನ್ನು ಬೀರಪ್ಪನ ಮುಂದಿಟ್ಟು, ಮೇಲೊಂದು ಚಿಟಿಕೆ ಭಂಡಾರದ ಅರಿಸಿನ ಉದುರಿಸಿ ಆಮೇಲೆ ಕೊಟ್ಟೆ. ಅವನು ಬೇಡ ಅನ್ನಲಿಲ್ಲ. ಅದು ಇನ್ನೊಂದು ಪುಣ್ಯ.

ಮುಂದೆ ಅವನು ರಕ್ತದಲ್ಲಿ ಮಲೇರಿಯಾ ಇದೆಯೆಂಬ ಸುದ್ದಿಯನ್ನೂ ಉಳಿದ ಮಾತ್ರೆಗಳನ್ನೂ ತಂದ. ಗದ್ದೆ ಬಯಲಿನ ಸೊಳ್ಳೆ ಕಚ್ಚಿ ಹೊರಗಿನಿಂದ ಬಂದ ಜ್ವರವಂತೆ. ಅದಕ್ಕೇ ಅವನು ಊರಿಗೆ ಬಂದವರನ್ನು ಕೇಳುತ್ತಿದ್ದನಂತೆ. ನಡುಕ ನಿಂತಿತು. ಇವರು ಮುದ್ದೆ ಕೇಳಿ ಉಂಡರು. ಆದರೂ ನಾನು ಒಳಗೊಳಗೇ ಕಾಯುತ್ತಿದ್ದೆ. ಮಾತ್ರೆಯ ಕೇಡು ಏನಾದರೂ ಇದ್ದರೆ ಅದು ತಿಳಿಯುವುದು ನನ್ನ ಮಡಿಲಿನಿಂದಲೇ ತಾನೆ!

ಮರುವರ್ಷ ಅವನು ಬಂದಾಗ ಅತ್ತೆ ಬಾಣಂತಿಯಾದ ನನಗೆ ನೀರು ಕಾಯಿಸುತ್ತಿದ್ದರು.

"ಹೊರಗಡೆಯಿಂದ ಯಾರಾದ್ರೂ ಬಂದವ್ರೇನಜ್ಜಿ?"

"ಬಂದೈತೆ ಕಣಪ್ಪ, ಒಂದು. ರಾತ್ರಿಯೆಲ್ಲ ಬಾಯಿ ಮಾಡ್ತೈತೆ. ಜ್ವರ ಇಲ್ಲ."

ಅವನು ತೊಟ್ಟಿಲಿಗೆ ಬಗ್ಗಿ ನೋಡಿ ನಕ್ಕ. ನಾನು ಮಗಳ ಪುಟ್ಟ ಕೈಯನ್ನು ಬಟ್ಟೆಯೊಳಗೆ ಮೆಲ್ಲಗೆ ಮುಚ್ಚಿದೆ. ಎಷ್ಟಾದರೂ ಅವನ ಚೀಲದಲ್ಲಿ ಸೂಜಿ ಇತ್ತಲ್ಲ.