ಅಮ್ಮನ ಕಾಲೂ ವ್ಯಾಯಾಮದ ಮೇಷ್ಟ್ರೂ

ಬರೆದು ಅಭ್ಯಾಸವಿಲ್ಲದವಳು ನಾನು. ಈ ನಿರೂಪಣೆಯಲ್ಲಿ ಲೋಪಗಳು ಕಂಡರೆ ಅವು ನನ್ನವು, ಮೇಷ್ಟ್ರವಲ್ಲ. ಹೊಳವನಹಳ್ಳಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸಿ ನಿವೃತ್ತರಾಗಿದ್ದ ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಮೀನಖಂಡ. ಎತ್ತಿ ಕಟ್ಟಿದ ಪಂಚೆಯ ಕೆಳಗೆ, ಆ ವಯಸ್ಸಿನಲ್ಲೂ, ಅದು ಸುಲಿದ ತೆಂಗಿನಕಾಯಿಯಂತೆ ಗಟ್ಟಿಯಾಗಿತ್ತು.

ನನ್ನ ತಾಯಿ ಹೂ ಕಟ್ಟಿ, ಬಸ್ಸಿನಲ್ಲಿ ಕೊರಟಗೆರೆಗೆ ಒಯ್ದು ಮಾರುತ್ತಿದ್ದರು. ಹಿತ್ತಿಲಲ್ಲಿ ಜಾರಿಬಿದ್ದು ಅವರ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಅದು ಕೂಡಿದ ಮೇಲೆ ವೈದ್ಯರು ಪ್ಲಾಸ್ಟರ್ ಬಿಚ್ಚಿ, ಇನ್ನು ಕಾಲೂರಿ ನಡೆಸಿ, ವ್ಯಾಯಾಮ ಮಾಡಿಸಿ ಎಂದು ಹೇಳಿ ಕಳುಹಿಸಿದರು. ಆದರೆ ನೋಡಲು ಬಂದವರೆಲ್ಲ ಬ್ರೆಡ್ಡಿನ ಪೊಟ್ಟಣ ಕೈಗಿತ್ತು, "ಕಾಲು ಊರ್‌ಬ್ಯಾಡ ಕಣಮ್ಮ, ತಿರ್ಗಾ ಮುರ್ಕೊಂಡ್ಬುಟ್ಟೀಯ" ಎನ್ನುತ್ತಿದ್ದರು. ಆ ಅಕ್ಕರೆಯನ್ನೇ ನಾವು ಪಥ್ಯದಂತೆ ಪಾಲಿಸಿದೆವು. ಅಮ್ಮನ ತೊಡೆ ಸೊರಗಿ ತೋಳಿನಷ್ಟಾಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳಾದ ನಾನು, ಅವರ ಆರೈಕೆಗೆಂದು ಬಿ.ಎಡ್. ತರಗತಿ ಬಿಟ್ಟು ಮನೆಯಲ್ಲುಳಿದೆ. ಹಾಜರಾತಿ ಇನ್ನಷ್ಟು ಕುಸಿದರೆ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು.

ಸುದ್ದಿ ತಿಳಿದು ಒಂದು ದಿನ ನಮ್ಮ ಮನೆಗೆ ಮೇಷ್ಟ್ರು ಬಂದವರೇ, "ಏನವ್ವಾ, ಕಾಲಿಗೆ ರಜಾ ಕೊಟ್ಟು ಬಾಯಿಗೆ ಮಾತ್ರ ಡ್ಯೂಟಿ ಹಾಕಿದ್ದೀಯಾ?" ಎಂದರು. ಬಹಳ ದಿನಗಳ ಮೇಲೆ ಅಮ್ಮ ನಕ್ಕರು.

ಮರುದಿನದಿಂದ ಅವರ ಪಾಠ ಆರಂಭವಾಯಿತು. ಮಲಗಿದಲ್ಲೇ ತೊಡೆ ಬಿಗಿಹಿಡಿಯುವುದು, ಕಾಲನ್ನು ನೀಳವಾಗಿ ಎತ್ತುವುದು. ಅದು ಸಲೀಸಾದ ಮೇಲೆ ಕಣಕಾಲಿಗೆ ಭಾರ ಕಟ್ಟುವುದು. ಭಾರಕ್ಕೆಂದು ನಾನು ಚೀಲದಲ್ಲಿ ರಾಗಿ ತುಂಬಿ ತಂದೆ. ಅಮ್ಮ ಕೆರಳಿದರು.

"ಲೇ, ಉಣ್ಣೋ ರಾಗೀನ ಕಾಲಿಗೆ ಕಟ್ತೀಯಾ? ಇದೇನಾ ನೀನು ಓದಿದ್ದು?"

ಮೇಷ್ಟ್ರು ರಾಗಿ ಸುರಿಸಿ, ಹುಣಸೆಬೀಜ ತುಂಬಿಸಿದರು. ನನಗೆ ಮೆಲ್ಲಗೆ ಹೇಳಿದರು: "ಮೊದ್ಲು ನಿಮ್ಮವ್ವನ ಮನ್ಸು ಒಪ್ಬೇಕು ಕಣಮ್ಮ. ಆಮೇಲೆ ಕಾಲು ತಾನೇ ಏಳ್ತದೆ."

ಕುರ್ಚಿಯಿಂದ ಏಳುವುದು, ಜಗಲಿ ಹತ್ತುವುದು ಎಲ್ಲ ಕೈಗೂಡಿದರೂ ಬಸ್ಸಿನ ಎತ್ತರದ ಮೆಟ್ಟಿಲೆಂದರೆ ಅಮ್ಮನಿಗೆ ನಡುಕ. ಒಂದು ಬೆಳಿಗ್ಗೆ ಮೇಷ್ಟ್ರೇ ನಿಲ್ದಾಣಕ್ಕೆ ಬಂದು ಅವರ ಹಿಂದೆ ನಿಂತರು. ಕಂಡಕ್ಟರ್ ಕೈ ಚಾಚಿದ.

"ಕೈ ತಗಿಯಲೇ! ಆಯಮ್ಮನೇ ಹತ್ತುತ್ತಾಳೆ."

"ನಿಮ್ಗೆ ಕರುಣೇನೇ ಇಲ್ವಾ ಮೇಷ್ಟ್ರೇ?" ಎಂದರು ಅಮ್ಮ.

"ಇರೋದ್ಕೇ ಹಿಂದೆ ನಿಂತಿವ್ನಿ. ಹತ್ತು."

ಅಮ್ಮ ಕಂಬಿ ಹಿಡಿದು, ತುಟಿ ಕಚ್ಚಿ, ಹತ್ತಿದರು. ಬಸ್ಸು ಹೊರಟ ಮೇಲೆ ಮೇಷ್ಟ್ರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ಧೂಳು" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು: ಅಮ್ಮ ಯಾರ ಆಸರೆಯೂ ಇಲ್ಲದೆ ಮತ್ತೆ ಹೂ ಮಾರಲು ಕೊರಟಗೆರೆಗೆ ಹೋಗುತ್ತಾರೆ, ನಾನು ತರಗತಿಗೆ ಮರಳಿ, ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ, ಈಗ ಶಿಕ್ಷಕಿಯಾಗಿದ್ದೇನೆ.