ಬಾರದೆ ಹೋದ ಒಂಬತ್ತನೇ ತಾರೀಖು

ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಆ ಹೆಂಗಸಿಗೆ ತಿಂಗಳ ತಾರೀಖುಗಳಲ್ಲಿ ಬೇಕಾಗಿದ್ದುದು ಒಂದೇ, ಒಂಬತ್ತು. ಗಂಡ ತೀರಿಕೊಂಡ ಮೇಲೆ, ಕೆಲಸ ಕಲಿತು ಕಾಲೂರುವವರೆಗೆಂದು ಹಸುಗೂಸನ್ನು ಅಕ್ಕನ ಮಡಿಲಿಗೆ ಹಾಕಿದ್ದಳು. ಮೂರು ವರ್ಷವಾಯಿತು. ಮಕ್ಕಳಿಲ್ಲದ ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದ ಭಾವ ಕಳೆದ ತಿಂಗಳು ಒಂದು ಕಾಗದ ಬರೆದು ಅವಳ ಸಹಿ ಹಾಕಿಸಿಕೊಂಡಿದ್ದ: ಬರುವ ತಿಂಗಳ ಒಂಬತ್ತನೇ ತಾರೀಖಿನಂದೇ ಬಂದು ಮಗುವನ್ನು ಕರೆದೊಯ್ಯಬೇಕು, ತಪ್ಪಿದರೆ ಮಗು ತಮ್ಮದು.

"ಸುಮ್ನೆ ಒಂದು ಕ್ರಮಕ್ಕೆ ಕಣಮ್ಮಾ," ಎಂದಿದ್ದ.

ನಾಲ್ಕನೇ ತಾರೀಖು ಬೆಳಿಗ್ಗೆ ಸರ್ಕಾರದ ಆಜ್ಞೆ ಅಚ್ಚಿಗೆ ಬಂತು.

"ನಾಳೆ ಹದಿನೈದಂತೆ!" ಯಂತ್ರ ಎಳೆಯುವ ಮುದುಕ ನಕ್ಕ. "ನಮ್ಮ ವರ್ಷ ಸೂರ್ಯನ ವರ್ಷಕ್ಕಿಂತ ಒಂಚೂರು ಉದ್ದವಂತೆ. ಅದು ಸೇರಿ ಸೇರಿ ತಾರೀಖು ಹತ್ತು ದಿನ ಹಿಂದೆ ಬಿದ್ದಿದೆ. ಈಗ ಒಂದೇ ನೆಗೆತಕ್ಕೆ ಸರಿಮಾಡ್ತಾರೆ. ನನ್ನವಳ ಹತ್ತು ದಿನದ ಬೈಗುಳ ಉಳೀತು ನೋಡು!"

ಅವಳಿಗೆ ನಗು ಬರಲಿಲ್ಲ. ಜೋಡಿಸಿಟ್ಟಿದ್ದ ಕ್ಯಾಲೆಂಡರಿನ ಆ ತಿಂಗಳ ಪುಟದಿಂದ ಐದು, ಆರು, ಏಳು, ಎಂಟನ್ನು ಕಿತ್ತಳು. ಒಂಬತ್ತನ್ನು ಕಿತ್ತು ಅಂಗೈಯಲ್ಲಿ ಹಿಡಿದಳು. ಆಮೇಲೆ ಆಜ್ಞೆಯ ಕೈಬರಹದ ಪ್ರತಿಯನ್ನು ಬೆಳಕಿಗೆ ಹಿಡಿದಳು. ಬಾಲ ಎಳೆದ ಆ ಅಕ್ಷರ ಭಾವನದೇ. ಕೆಳಗೆ ಎರಡು ತಿಂಗಳ ಹಿಂದಿನ ತಾರೀಖು.

ಕೈಗೆ ಹತ್ತಿದ ಮಸಿಯಲ್ಲೇ ಅಕ್ಕನ ಮನೆಗೆ ಓಡಿದಳು.

"ಇವತ್ತು ನಾಲ್ಕಲ್ವೇನೇ? ಒಂಬತ್ತಕ್ಕೆ ಬಾ," ಎಂದು ಅಕ್ಕ ಮುಖ ಕೊಡದೆ ಬಾಗಿಲು ಹಾಕಿಕೊಂಡಳು.

ಮರುದಿನ ಹೊತ್ತು ಹುಟ್ಟುವ ಮುಂಚೆಯೇ ಹೊಸಿಲಲ್ಲಿ ನಿಂತಳು. ಭಾವ ಕಾಗದ ಹಿಡಿದೇ ಹೊರಗೆ ಬಂದ.

"ಇವತ್ತು ಹದಿನೈದು. ಒಂಬತ್ತಕ್ಕೆ ನೀನು ಬರ್ಲಿಲ್ವಲ್ಲಮ್ಮಾ."

"ಒಂಬತ್ತೇ ಬರ್ಲಿಲ್ವಲ್ಲ ಭಾವ! ಅದು ಬರಲ್ಲ ಅಂತ ನಿಮಗೆ ಗೊತ್ತಿತ್ತು. ಆಜ್ಞೆ ಬರೆದದ್ದೇ ನೀವು."

ಭಾವ ಕಾಗದ ಮಡಚಿ ಜೇಬಿಗಿಟ್ಟ.

"ಅಕ್ಕಾ, ನಿಂಗೂ ಗೊತ್ತಿತ್ತೇನೇ?"

ಒಳಗೆ ಮಗುವಿನ ತಲೆ ಬಾಚುತ್ತಿದ್ದ ಅಕ್ಕ ಹೆಣೆದಿದ್ದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು.

"ಅಮ್ಮಾ," ಎಂದಿತು ಮಗು.

ಹೊಸಿಲಲ್ಲಿದ್ದವಳು ಎರಡೂ ಕೈ ಚಾಚಿದಳು. ಆದರೆ ಮಗು ಕತ್ತೆತ್ತಿ ನೋಡಿದ್ದು ಅಕ್ಕನನ್ನು.

"ಅಮ್ಮಾ, ಚಿಕ್ಕಮ್ಮ ಯಾಕೆ ಅಳ್ತಿದ್ದಾಳೆ?"