ಹಗಲಲ್ಲಿ ಮಲಗುವ ಮನೆ

ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಖಾಯಂ ರಾತ್ರಿ ಪಾಳಿ. ರಾಜಾಜಿನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವರು ಹಗಲೆಲ್ಲ ಮಲಗುತ್ತಿದ್ದರು, ನಾನು ಹಗಲೆಲ್ಲ ಮೂರು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದೆ. ಒರಳಲ್ಲಿ ರುಬ್ಬುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ. ಒಗ್ಗರಣೆ ಸಿಡಿದರೂ ಅತ್ತೆ ಓಡಿ ಬರುತ್ತಿದ್ದರು. "ಮೆಲ್ಲಗೆ ಕಣೇ, ನನ್ನ ಮಗ ಮಲಗಿದಾನೆ!" ಮೆಲ್ಲಗೆ ಸಿಡಿ ಅಂತ ಸಾಸಿವೆಗೆ ನಾನು ಹೇಳಲೇ?

ದೊಡ್ಡವರಿಬ್ಬರನ್ನು ಸುಡುವ ಬಿಸಿಲಲ್ಲೇ ಬೀದಿಗೆ ಅಟ್ಟುತ್ತಿದ್ದೆ. ಎರಡು ವರ್ಷದ ಕೊನೆಯವಳನ್ನು ಎಲ್ಲಿಗೆ ಅಟ್ಟಲಿ? ಅವಳು ನಗಲು ಬಾಯಿ ತೆರೆದರೆ ನನ್ನ ಅಂಗೈ ಅಡ್ಡ ಹೋಗುತ್ತಿತ್ತು. ಪಕ್ಕದ ಮನೆಯಾಕೆ ಬಂದು, "ಎಷ್ಟು ಸಾಧು ಮಗು ರೀ, ಸದ್ದೇ ಇಲ್ಲ" ಎಂದು ಮೆಚ್ಚಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಧು ಅಂತೆ!

ಒಂದು ಭಾನುವಾರ ರಜೆಯಲ್ಲಿ ಗಂಡ ಸಂಜೆ ಎದ್ದು, ಕಾಫಿ ಕುಡಿದು, ಏನೋ ಹುರುಪು ಬಂದು ಕೊನೆಯವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಅಪ್ಪ ಅನ್ನು ಪುಟ್ಟಿ, ಜೋರಾಗಿ ಅನ್ನು."

ಅವಳು ಸುಮ್ಮನೆ ಅವರ ಮುಖವನ್ನೇ ನೋಡಿದಳು. ಅವರು ನನ್ನತ್ತ ತಿರುಗಿ ಗದರಿದರು. "ಇವಳಿಗೆ ಮಾತೇ ಬರಲ್ವಲ್ಲೇ! ದಿನವಿಡೀ ಮನೇಲಿದ್ದು ಏನು ಕಲಿಸ್ತೀಯ ನೀನು?"

ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಆದರೆ ಸದ್ದು ಮಾಡುವ ಅಭ್ಯಾಸ ನನಗೂ ತಪ್ಪಿಹೋಗಿತ್ತು. ಉತ್ತರವನ್ನು ಅವಳೇ ಕೊಟ್ಟಳು. ಅಪ್ಪನ ತುಟಿಗೆ ಪುಟ್ಟ ಅಂಗೈಯನ್ನು ಒತ್ತಿ ಹಿಡಿದು ಪಿಸುಗುಟ್ಟಿದಳು:

"ಶ್... ಅಪ್ಪ ತಾಚಿ."